ಕಾರ್ಖಾನೆಯ ಯಂತ್ರಗಳೂ ಕೆಲಸ ಕಲಿಯುವವರೂ

ದೊಡ್ಡದೊಂದು ಯಂತ್ರಕಾರ್ಖಾನೆಯ ವಾರ್ಷಿಕ ಲೆಕ್ಕಪತ್ರವನ್ನು ತೆರೆದು ನೋಡಿದರೆ ಅದರಲ್ಲಿ ಒಂದು ವಿಚಿತ್ರವು ಕಣ್ಣಿಗೆ ಬೀಳುತ್ತದೆ. ಕಾರ್ಖಾನೆಯವರು ಆ ವರ್ಷ ಹೊಸದಾಗಿ ಒಂದು ಸಾಣೆಯಂತ್ರವನ್ನು ಕೊಂಡಿದ್ದರೆ, ಅದರ ಬೆಲೆಯು ಆಸ್ತಿಯ ಪಟ್ಟಿಗೆ ಸೇರುತ್ತದೆ. ವರ್ಷವರ್ಷವೂ ಸವಕಳಿಯೆಂದು ಸ್ವಲ್ಪ ಸ್ವಲ್ಪ ಕಳೆಯುತ್ತ ಬಂದರೂ, ಅದು ಕೆಲಸಕ್ಕೆ ಬರುವಷ್ಟು ಕಾಲವೂ ಸ್ವತ್ತೆಂದೇ ಎಣಿಕೆಯಾಗುತ್ತದೆ. ಅದೇ ವರ್ಷ ಅದೇ ಕಾರ್ಖಾನೆಯವರು ಐವತ್ತು ಮಂದಿ ಹುಡುಗರನ್ನು ಸೇರಿಸಿಕೊಂಡು, ಅವರಿಗೆ ಉಪಾಧ್ಯಾಯರನ್ನು ನೇಮಿಸಿ, ಉಕ್ಕನ್ನೂ ಉಪಕರಣಗಳನ್ನೂ ಒದಗಿಸಿ ಕೆಲಸವನ್ನು ಕಲಿಸಿದ್ದರೆ, ಆ ಹಣವು ಆಸ್ತಿಯ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದು ಆ ವರ್ಷದ ಖರ್ಚು; ವರ್ಷ ಮುಗಿದೊಡನೆ ಅದರ ಲೆಕ್ಕವೂ ಮುಗಿಯಿತು. ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಲೆಕ್ಕದ ನಿಯಮಗಳೂ ತರಬೇತಿನ ಹಣವನ್ನು ಖರ್ಚೆಂದೇ ಬರೆಯಬೇಕೆಂದು ವಿಧಿಸುತ್ತವೆ.

ಈ ನಿಯಮಕ್ಕೆ ಕಾರಣವಿಲ್ಲದೆ ಇಲ್ಲ. ಯಂತ್ರವು ಕಾರ್ಖಾನೆಗೆ ಸೇರಿದುದು. ಅದನ್ನು ಮಾರಬಹುದು, ಒತ್ತೆಯಿಡಬಹುದು. ಮನುಷ್ಯನಾದರೋ ಯಾರ ಸ್ವತ್ತೂ ಅಲ್ಲ. ಇಂದು ಕಲಿತವನು ನಾಳೆ ನೆರೆಯ ಕಾರ್ಖಾನೆಗೆ ಹೋಗಬಹುದು. ಆದಕಾರಣ ಲೆಕ್ಕ ಬರೆಯುವವರು ಅವನ ವಿದ್ಯೆಯನ್ನು ಆಸ್ತಿಯೆಂದು ಬರೆದುಕೊಳ್ಳಲಾರರು. ಆದರೆ ಈ ನಿಯಮದಿಂದ ಆಗುವ ಪರಿಣಾಮವು ಸಣ್ಣದಲ್ಲ. ವ್ಯಾಪಾರವು ಕುಗ್ಗಿದ ವರ್ಷದಲ್ಲಿ ಆಡಳಿತದವರು ಖರ್ಚಿನ ಬಾಬುಗಳ ಮೇಲೆ ಕಣ್ಣುಹಾಕುತ್ತಾರೆ. ಅಪ್ರೆಂಟಿಸುಗಳ ತರಬೇತು ಖರ್ಚಿನ ಬಾಬು. ಅದನ್ನು ನಿಲ್ಲಿಸಿದರೆ ಆ ವರ್ಷದ ಲಾಭವು ಹೆಚ್ಚುತ್ತದೆ. ನಷ್ಟವು ಕಾಣಿಸಿಕೊಳ್ಳುವುದು ಹತ್ತು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಅದನ್ನು ನಿಲ್ಲಿಸಿದವರು ಅಲ್ಲಿ ಇರುವುದೂ ಅಪೂರ್ವ.

ಯಂತ್ರಕ್ಕೆ ಹಾಕಿದ ಬಂಡವಲಿಗೂ ಕಲಿಯುವವರಿಗೆ ಹಾಕಿದ ಬಂಡವಲಿಗೂ ನಿಜವಾಗಿ ಇರುವ ಸಂಬಂಧವೇನು, ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಬೆಳೆಸುವುದು ಸಾಧ್ಯವೇ ಎಂಬುದು ಈ ಲೇಖನದ ವಿಷಯ. ಇದನ್ನು ಬರಿಯ ಮಾತಿನಲ್ಲಿ ವಿಚಾರ ಮಾಡುವುದಕ್ಕಿಂತ, ಬಹುಕಾಲ ಬಾಳಿಬಂದಿರುವ ಒಂದು ಕಾರ್ಖಾನೆಯ ಚರಿತ್ರೆಯನ್ನು ಹಿಡಿದು ನೋಡುವುದು ಲೇಸು. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಬಾಷ್ ಕಾರ್ಖಾನೆಯು ಇದಕ್ಕೆ ತಕ್ಕ ನಿದರ್ಶನ. ಅದರ ಒಂದು ಕವಲು ನಮ್ಮ ಬೆಂಗಳೂರಿನಲ್ಲಿಯೂ ಬೇರೂರಿರುವುದರಿಂದ ಆ ವಿಷಯವು ನಮಗೆ ತೀರ ದೂರದ್ದೂ ಅಲ್ಲ.

ರಾಬರ್ಟ್ ಬಾಷನು ಹುಟ್ಟಿದುದು ೧೮೬೧ರಲ್ಲಿ, ಉಲ್ಮ್ ಪಟ್ಟಣದ ಸಮೀಪದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹದಿನೈದನೆಯ ವಯಸ್ಸಿಗೆ ಅವನು ಉಲ್ಮಿನಲ್ಲಿ ಸೂಕ್ಷ್ಮಯಂತ್ರಗಳ ಕೆಲಸಕ್ಕೆ ಅಪ್ರೆಂಟಿಸಾಗಿ ಸೇರಿ, ಮೂರು ವರ್ಷ ಅಲ್ಲಿದ್ದನು. ಅಲ್ಲಿಯ ಯಜಮಾನನು ಹುಡುಗರಿಗೆ ಕೆಲಸ ಕಲಿಸುವುದರಲ್ಲಿ ಆಸಕ್ತಿಯುಳ್ಳವನಾಗಿರಲಿಲ್ಲ. ಆ ಮೂರು ವರ್ಷಗಳಲ್ಲಿ ತನಗೆ ದೊರೆತ ಶಿಕ್ಷಣವು ಸಾಲದಾಯಿತೆಂಬ ಕೊರಗು ಬಾಷನ ಮನಸ್ಸಿನಲ್ಲಿ ಜೀವಮಾನವೆಲ್ಲ ಉಳಿಯಿತು. ಆಮೇಲೆ ಅವನು ಹಲವು ಕಾರ್ಖಾನೆಗಳಲ್ಲಿ ದುಡಿದನು. ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯದಲ್ಲಿ ಕೆಲಕಾಲ ಪಾಠ ಕೇಳಿದನು. ೧೮೮೪ರಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ಎಡಿಸನ್ನನ ಸಂಸ್ಥೆಗೆ ಸೇರಿದ ಕಾರ್ಖಾನೆಯಲ್ಲಿಯೂ, ಆಮೇಲೆ ಇಂಗ್ಲೆಂಡಿನಲ್ಲಿ ಸೀಮೆನ್ಸ್ ಕಾರ್ಖಾನೆಯಲ್ಲಿಯೂ ಕೆಲಸ ಮಾಡಿ ಸ್ವದೇಶಕ್ಕೆ ಮರಳಿದನು. ೧೮೮೬ನೆಯ ನವೆಂಬರ್ ೧೫ರಂದು ಸ್ಟುಟ್‌ಗಾರ್ಟಿನಲ್ಲಿ ಸೂಕ್ಷ್ಮಯಂತ್ರಗಳ ಮತ್ತು ವಿದ್ಯುದ್ಯಂತ್ರಗಳ ಒಂದು ಚಿಕ್ಕ ಕಾರ್ಯಾಗಾರವನ್ನು ತೆರೆದನು. ಅವನೊಡನೆ ಇದ್ದವರು ಇಬ್ಬರು: ಒಬ್ಬ ಕುಶಲ ಕೆಲಸಗಾರ, ಮತ್ತೊಬ್ಬ ಓಡಾಟದ ಹುಡುಗ. ಮೂಲಧನವು ತಂದೆಯಿಂದ ಬಂದ ಪಿತ್ರಾರ್ಜಿತದ ೧೦,೦೦೦ ಮಾರ್ಕು. ಮೊದಲ ಹತ್ತು ವರ್ಷಗಳು ಕಷ್ಟದಲ್ಲಿಯೇ ಕಳೆದುವು. ಟೆಲಿಫೋನು ಜೋಡಿಸುವುದು, ಮನೆಗಳಿಗೆ ಕರೆಗಂಟೆ ಹಾಕುವುದು, ಹೀಗೆ ಬಂದ ಕೆಲಸವನ್ನೆಲ್ಲ ಮಾಡಿಕೊಂಡು ದಿನ ನೂಕಬೇಕಾಯಿತು.

ಆ ಕಾರ್ಯಾಗಾರವನ್ನು ಮೇಲಕ್ಕೆತ್ತಿದುದು ಮ್ಯಾಗ್ನೆಟೊ ಎಂಬ ಉಪಕರಣ. ಪೆಟ್ರೋಲಿನಿಂದಾಗಲಿ ಅನಿಲದಿಂದಾಗಲಿ ನಡೆಯುವ ಎಂಜಿನ್ನಿನಲ್ಲಿ, ಸಿಲಿಂಡರಿನೊಳಗೆ ಸೇರಿದ ಇಂಧನಕ್ಕೆ ತಕ್ಕ ಕ್ಷಣದಲ್ಲಿ ಕಿಡಿ ತಗುಲಬೇಕು. ಸೂಜಿಗಲ್ಲಿನ ಧ್ರುವಗಳ ನಡುವೆ ತಂತಿ ಸುತ್ತಿದ ಒಂದು ಉಕ್ಕಿನ ದಿಂಡನ್ನು ಚಲಿಸುವಂತೆ ಮಾಡಿದರೆ ಆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತಿನಿಂದಲೇ ಕಿಡಿಯನ್ನು ಪಡೆಯುವುದು ಮ್ಯಾಗ್ನೆಟೊವಿನ ತತ್ತ್ವ. ಬಾಷನು ೧೮೮೭ರಲ್ಲಿ, ನೆಲದ ಮೇಲೆ ಸ್ಥಿರವಾಗಿ ನಿಲ್ಲಿಸುವ ಎಂಜಿನ್ನುಗಳಿಗಾಗಿ ಇದನ್ನು ಮಾಡಲಾರಂಭಿಸಿದನು. ೧೮೯೭ರಲ್ಲಿ, ಬಹು ವೇಗವಾಗಿ ತಿರುಗುವ ಎಂಜಿನ್ನುಳ್ಳ ಒಂದು ಮೂರು ಚಕ್ರದ ಮೋಟಾರುಗಾಡಿಗೆ ಮ್ಯಾಗ್ನೆಟೊವನ್ನು ಅಳವಡಿಸಬೇಕೆಂಬ ಕೋರಿಕೆ ಬಂದಿತು. ಭಾರವಾದ ದಿಂಡು ಅಷ್ಟು ವೇಗಕ್ಕೆ ಒಗ್ಗದಾಯಿತು. ಆಗ ಕಾರ್ಖಾನೆಯ ಮೇಸ್ತ್ರಿಯಾಗಿದ್ದ ಆರ್ನಾಲ್ಡ್ ಝೇರಿಂಗರ್ ಎಂಬುವನು ದಿಂಡನ್ನು ಅಲುಗದಂತೆ ನಿಲ್ಲಿಸಿ, ಅದರ ಸುತ್ತ ಒಂದು ಹಗುರವಾದ ಲೋಹದ ತೋಳು ಮಾತ್ರ ಅತ್ತಿತ್ತ ಹೊರಳುವಂತೆ ಮಾಡಿ ತೊಡಕನ್ನು ಬಿಡಿಸಿದನು. ಈ ಉಪಾಯವು ಹೊಳೆದುದು ದಿನವೂ ಆ ಉಪಕರಣವನ್ನು ಕೈಯಲ್ಲಿ ಹಿಡಿದು ಬಲ್ಲವನಿಗೆ.

ಇದಕ್ಕಿಂತಲೂ ದೊಡ್ಡ ಹೆಜ್ಜೆಯನ್ನಿಟ್ಟವನು ಗಾಟ್‌ಲೋಬ್ ಹೋನೋಲ್ಡ್. ಅವನು ಹುಡುಗನಾಗಿದ್ದಾಗ ಬಾಷನ ಕಾರ್ಯಾಗಾರದಲ್ಲಿಯೇ ಅಪ್ರೆಂಟಿಸಾಗಿ ಕೆಲಸ ಕಲಿತವನು. ಆಮೇಲೆ ತಾಂತ್ರಿಕ ವಿದ್ಯಾಲಯದಲ್ಲಿ ಓದಿ, ೧೯೦೧ರಲ್ಲಿ ಎಂಜಿನಿಯರನಾಗಿ ಅದೇ ಕಾರ್ಖಾನೆಗೆ ಮರಳಿದನು. ಮರುವರ್ಷವೇ, ಎಂದರೆ ೧೯೦೨ರಲ್ಲಿ, ಹೆಚ್ಚು ಒತ್ತಡದ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿಕೊಟ್ಟನು. ಮೋಟಾರು ವಾಹನಗಳು ಲೋಕದಲ್ಲೆಲ್ಲ ಹರಡುವುದಕ್ಕೆ ಇದು ಮುಖ್ಯ ಸಹಾಯವಾಯಿತು. ಸಾವಿರದ ಮ್ಯಾಗ್ನೆಟೊ ಹೊರಬಿದ್ದುದು ೧೮೯೬ರಲ್ಲಿ. ಒಂದು ಲಕ್ಷದ್ದು ೧೯೦೬ರಲ್ಲಿ. ಹತ್ತು ಲಕ್ಷದ್ದು ೧೯೧೨ರಲ್ಲಿ. ಇಂದಿಗೂ ಬಾಷ್ ಸಂಸ್ಥೆಯ ಪೆಟ್ಟಿಗೆಗಳ ಮೇಲೆ ಕಾಣುವ, ವೃತ್ತದೊಳಗಿನ ಮುದ್ರೆಯು ಆ ಮ್ಯಾಗ್ನೆಟೊವಿನ ದಿಂಡಿನ ಆಕೃತಿಯೇ. ಅದನ್ನು ೧೯೧೮ರಲ್ಲಿ ಬರೆದುಕೊಟ್ಟವನೂ ಹೋನೋಲ್ಡನೇ. ಒಬ್ಬ ಹುಡುಗನಿಗೆ ಕೆಲಸ ಕಲಿಸಿದ ಖರ್ಚು ಯಾವ ವರ್ಷದ ಲೆಕ್ಕದಲ್ಲಿ ಬರೆಯಲ್ಪಟ್ಟಿತೋ, ಆ ವರ್ಷದ ಪುಸ್ತಕವನ್ನು ಎಷ್ಟು ಶೋಧಿಸಿದರೂ ಈ ಫಲವು ಅದರಲ್ಲಿ ಸಿಕ್ಕುವುದಿಲ್ಲ.

ಕೆಲಸವು ಹೀಗೆ ಬೆಳೆದಂತೆ ಬಾಷನು ಹೊಸ ಕಟ್ಟಡಗಳಿಗೂ ಯಂತ್ರಗಳಿಗೂ ಧಾರಾಳವಾಗಿ ಹಣ ಹಾಕಿದನು. ಬೆಲೆಯುಳ್ಳ ಯಂತ್ರವು ಸುಮ್ಮನೆ ನಿಂತಿದ್ದರೆ ನಷ್ಟ. ೧೯೦೬ರಲ್ಲಿ ಅವನು ದಿನಕ್ಕೆ ಎಂಟು ಗಂಟೆಯ ಕೆಲಸವೆಂಬ ನಿಯಮವನ್ನು ತಂದನು. ಆಗಿನ ಕಾಲಕ್ಕೆ ಅದು ಬಹು ಅಪೂರ್ವವಾದ ಸಂಗತಿ. ಇದರಲ್ಲಿ ಕೆಲಸಗಾರರ ಮೇಲಿನ ಕರುಣೆಯ ಜೊತೆಗೆ ಲೆಕ್ಕಾಚಾರವೂ ಇದ್ದಿತು. ಎಂಟೆಂಟು ಗಂಟೆಯ ಎರಡು ಪಾಳಿಗಳನ್ನು ಮಾಡಿದರೆ ಯಂತ್ರಗಳು ದಿನಕ್ಕೆ ಹದಿನಾರು ಗಂಟೆ ನಡೆಯುತ್ತವೆ. ದಣಿಯದ ಕೈಯಿಂದ ಕೆಲಸವೂ ಶುದ್ಧವಾಗಿ ಬರುತ್ತದೆ. ೧೯೧೦ರಲ್ಲಿ ಅವನು ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯಕ್ಕೆ ಹತ್ತು ಲಕ್ಷ ಮಾರ್ಕುಗಳನ್ನು ದಾನ ಮಾಡಿದನು. ೧೯೧೩ರಲ್ಲಿ ತನ್ನ ಕಾರ್ಖಾನೆಯಲ್ಲಿ ಅಪ್ರೆಂಟಿಸುಗಳಿಗಾಗಿಯೇ ಪ್ರತ್ಯೇಕವಾದ ಒಂದು ವಿಭಾಗವನ್ನು ಏರ್ಪಡಿಸಿದನು.

ಈ ಪ್ರತ್ಯೇಕ ವಿಭಾಗದ ಅವಶ್ಯಕತೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ಅಕ್ಕಸಾಲೆಯ ಮನೆಯಲ್ಲಿ, ಕಮ್ಮಾರನ ಕುಲುಮೆಯಲ್ಲಿ, ಮಗನು ತಂದೆಯ ಮಗ್ಗುಲಲ್ಲಿ ಕುಳಿತು, ತಿದಿಯೊತ್ತುತ್ತ, ನೋಡುತ್ತ ನೋಡುತ್ತ ಕಲಿಯುತ್ತಾನೆ. ಅಲ್ಲಿ ಕೆಲಸವು ಮೊದಲಿನಿಂದ ಕೊನೆಯವರೆಗೆ ಒಂದೇ ಸೂರಿನಡಿಯಲ್ಲಿ ನಡೆಯುತ್ತದೆ; ಕಲಿಸುವವನಿಗೆ ಕಲಿಯುವವನ ಏಳಿಗೆಯಲ್ಲಿ ಆಸಕ್ತಿಯೂ ಇದೆ. ದೊಡ್ಡ ಕಾರ್ಖಾನೆಯಲ್ಲಿ ಇವೆರಡೂ ಇಲ್ಲ. ಅಲ್ಲಿ ಒಬ್ಬನು ರಂಧ್ರವನ್ನು ಕೊರೆದರೆ ಮತ್ತೊಬ್ಬನು ಅದರ ಅಂಚನ್ನು ಸವರುತ್ತಾನೆ. ಮಾಡಿದ ಸಾಮಾನಿನ ಎಣಿಕೆಯ ಮೇಲೆ ಕೂಲಿ ಪಡೆಯುವ ಕೆಲಸಗಾರನಿಗೆ ಪಕ್ಕದ ಹುಡುಗನಿಗೆ ಹೇಳಿಕೊಡುವ ಪ್ರತಿ ನಿಮಿಷವೂ ನಷ್ಟವೇ. ಹುಡುಗನ ಪಾಲಿಗೆ ನೆಲ ಗುಡಿಸುವುದೂ ಎಣ್ಣೆ ತರುವುದೂ ಬರುತ್ತವೆ. ಬಹಳವಾದರೆ ಒಂದು ಯಂತ್ರದ ಒಂದು ಸನ್ನೆಯನ್ನು ಎಳೆಯುವುದನ್ನು ಕಲಿತಾನು. ಆದ್ದರಿಂದ ಕಲಿಯುವವರನ್ನು ಉತ್ಪಾದನೆಯ ಅವಸರದಿಂದ ಬೇರೆಯಾಗಿಟ್ಟು, ಕಲಿಸುವುದನ್ನೇ ಉದ್ಯೋಗವಾಗಿ ಉಳ್ಳ ಮೇಸ್ತ್ರಿಗಳ ಕೈಗೆ ಒಪ್ಪಿಸಬೇಕಾಯಿತು.

ಜರ್ಮನಿಯ ಇಂತಹ ಶಿಕ್ಷಣಶಾಲೆಗಳಲ್ಲಿ ವಾಡಿಕೆಯ ಮೊದಲ ಪಾಠವು ಅರದ ಕೆಲಸ. ಹುಡುಗನ ಕೈಗೆ ಒಂದು ಉಕ್ಕಿನ ತುಂಡನ್ನೂ ಒಂದು ಅರವನ್ನೂ ಕೊಟ್ಟು, ಆರು ಮುಖಗಳೂ ಸಪಾಟಾಗಿ, ಎದುರುಬದುರು ಮುಖಗಳು ಸಮಾಂತರವಾಗಿ, ಮೂಲೆಗಳೆಲ್ಲ ನೆಟ್ಟಗೆ ಬರುವಂತೆ ಉಜ್ಜಬೇಕೆಂದು ಹೇಳುತ್ತಾರೆ. ನೋಡುವುದಕ್ಕೆ ಬಹು ಸುಲಭ. ಒಂದು ಮುಖವನ್ನು ಸರಿಪಡಿಸುವಷ್ಟರಲ್ಲಿ ಇನ್ನೊಂದು ಓರೆಯಾಗುತ್ತದೆ. ಅದನ್ನು ತಿದ್ದುವಷ್ಟರಲ್ಲಿ ತುಂಡು ಅಳತೆಗಿಂತ ಕಿರಿದಾಗಿ, ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ವಾರಗಟ್ಟಲೆ ಹೀಗೆ ನಡೆಯುತ್ತದೆ. ಯಂತ್ರವು ಕ್ಷಣದಲ್ಲಿ ಮಾಡಬಲ್ಲ ಕೆಲಸವನ್ನು ಕೈಯಿಂದ ಮಾಡಿಸುವುದು ಕಾಲಹರಣವೆಂದು ಕೆಲವರು ಆಕ್ಷೇಪಿಸುವುದುಂಟು. ಹಾಡುತ್ತ ಹಾಡುತ್ತ ರಾಗವೆಂಬ ನಮ್ಮ ಗಾದೆಯು ಇದಕ್ಕೆ ಅರ್ಧ ಉತ್ತರ. ಮಿಕ್ಕ ಅರ್ಧವೇನೆಂದರೆ, ಆ ಹುಡುಗನು ಕಲಿಯುತ್ತಿರುವುದು ಉಜ್ಜುವುದನ್ನಷ್ಟೇ ಅಲ್ಲ. ಉಕ್ಕು ಎಷ್ಟು ಒತ್ತಡಕ್ಕೆ ಹೇಗೆ ಒಲಿಯುತ್ತದೆ, ಅಳತೆಯ ಉಪಕರಣವನ್ನು ಎಷ್ಟು ಮೃದುವಾಗಿ ಹಿಡಿಯಬೇಕು, ಸಪಾಟೆಂಬ ಮಾತಿಗೆ ನಿಜವಾದ ಅರ್ಥವೇನು, ಇವನ್ನು ಅವನ ಕೈ ಕಲಿಯುತ್ತಿದೆ. ಆಮೇಲೆ ಲೇತು, ಕೊರೆಯುವ ಯಂತ್ರ, ಸಾಣೆಯಂತ್ರ ಒಂದೊಂದನ್ನೂ ದಾಟಿ, ಕಾರ್ಖಾನೆಯ ಹಲವು ಇಲಾಖೆಗಳಲ್ಲಿ ಸುತ್ತಿ, ಮೂರು ಮೂರೂವರೆ ವರ್ಷಗಳ ಕೊನೆಯಲ್ಲಿ ಅವನು ಪರೀಕ್ಷೆಗೆ ನಿಲ್ಲುತ್ತಾನೆ.

ಇಂತಹ ಕೈಯಿಲ್ಲದೆ ಎಂತಹ ಯಂತ್ರವೂ ಸಾಲದೆಂಬುದು ಡೀಸೆಲ್ ಪಂಪಿನ ವಿಷಯದಲ್ಲಿ ಚೆನ್ನಾಗಿ ತಿಳಿಯುತ್ತದೆ. ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಾಗಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾಯುತ್ತದೆ. ಆ ಬಿಸಿಗಾಳಿಗೆ ಎಣ್ಣೆಯನ್ನು ಚಿಮ್ಮಿದೊಡನೆ ಹೊತ್ತಿಕೊಳ್ಳುತ್ತದೆ. ಆದರೆ ಆ ಎಣ್ಣೆಯನ್ನು ಪ್ರತಿ ಸಲವೂ ಅತ್ಯಲ್ಪವಾದ ಒಂದೇ ಪ್ರಮಾಣದಲ್ಲಿ, ಕರಾರುವಾಕ್ಕಾದ ಕ್ಷಣದಲ್ಲಿ, ಭಾರಿ ಒತ್ತಡದಿಂದ ಚಿಮ್ಮಬೇಕು. ಬಾಷನ ಕಾರ್ಖಾನೆಯು ೧೯೨೨ರಲ್ಲಿ ಈ ಕೆಲಸಕ್ಕೆ ಕೈಹಾಕಿ, ೧೯೨೭ರಲ್ಲಿ ಇಂತಹ ಪಂಪುಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿತು. ಆ ಪಂಪಿನ ಜೀವಾಳವು ಎರಡು ತುಂಡುಗಳು: ಒಂದು ಉಕ್ಕಿನ ಕೊಳವೆ, ಅದರೊಳಗೆ ಮೇಲಕ್ಕೂ ಕೆಳಕ್ಕೂ ಆಡುವ ಒಂದು ಕೊಂತ. ಕೊಂತದ ಮೈಮೇಲೆ ಓರೆಯಾಗಿ ಒಂದು ಅಂಚನ್ನು ಕೊರೆದಿರುತ್ತಾರೆ. ಕೊಂತವನ್ನು ಸ್ವಲ್ಪ ತಿರುಗಿಸಿದರೆ ಆ ಅಂಚು ಕೊಳವೆಯ ರಂಧ್ರವನ್ನು ಬೇಗ ಅಥವಾ ತಡವಾಗಿ ತೆರೆಯುವುದರಿಂದ ಚಿಮ್ಮುವ ಎಣ್ಣೆಯು ಕಡಮೆಯಾಗುತ್ತದೆ ಅಥವಾ ಹೆಚ್ಚುತ್ತದೆ.

ಇಲ್ಲಿ ಎಣ್ಣೆ ಸೋರದಂತೆ ತಡೆಯುವುದಕ್ಕೆ ರಬ್ಬರಿನ ಬಳೆಯಿಲ್ಲ, ಚರ್ಮದ ಬಿಲ್ಲೆಯಿಲ್ಲ. ಉಕ್ಕಿಗೆ ಉಕ್ಕು ಕೂಡಿಕೊಂಡಿರುವ ಬಿಗಿಯೇ ತಡೆ. ಕೊಂತಕ್ಕೂ ಕೊಳವೆಗೂ ನಡುವೆ ಇರುವ ಎಡೆಯು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ತಲೆಗೂದಲಿನ ದಪ್ಪದಲ್ಲಿ ಸುಮಾರು ಇಪ್ಪತ್ತನೆಯ ಒಂದು ಭಾಗ. ಎಡೆಯು ಹೆಚ್ಚಾದರೆ ಎಣ್ಣೆ ಸೋರಿ ಒತ್ತಡವು ಇಳಿಯುತ್ತದೆ. ಕಡಮೆಯಾದರೆ ಕೊಂತವು ಸಿಕ್ಕಿಕೊಳ್ಳುತ್ತದೆ. ಇಷ್ಟು ಸೂಕ್ಷ್ಮದಲ್ಲಿ ಶಾಖವೂ ಲೆಕ್ಕಕ್ಕೆ ಬರುತ್ತದೆ. ಹತ್ತು ಮಿಲಿಮೀಟರ್ ವ್ಯಾಸದ ಉಕ್ಕಿನ ಕಡ್ಡಿಯು ಹತ್ತು ಡಿಗ್ರಿ ಬಿಸಿಯಾದರೆ ಮಿಲಿಮೀಟರಿನ ಸಾವಿರದಲ್ಲಿ ಒಂದಕ್ಕಿಂತ ತುಸು ಹೆಚ್ಚಾಗಿ ಹಿಗ್ಗುತ್ತದೆ. ಎಂದರೆ, ಸಾಮಾನನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡಿದ್ದು ಅಳೆದರೆ ಅಳತೆಯೇ ಸುಳ್ಳಾಗಬಹುದು. ಆದುದರಿಂದ ಕೊಂತವನ್ನೂ ಕೊಳವೆಯನ್ನೂ ಸಾಣೆಯಿಂದ ಕಡೆದು, ನುಣ್ಣಗೆ ಉಜ್ಜಿ, ಒಂದಕ್ಕೊಂದು ಜೊತೆಗೂಡಿಸುತ್ತಾರೆ. ಹೀಗೆ ಕೂಡಿಸಿದ ಜೋಡಿಯನ್ನು ಅಗಲಿಸಿ ಬೇರೆಯ ಜೋಡಿಗೆ ಹಾಕುವಂತಿಲ್ಲ. ಇದು ಲಾರಿ ಪಂಪುಗಳನ್ನು ಬಿಚ್ಚಿ ಜೋಡಿಸುವ ನಮ್ಮ ಊರಿನ ಮೆಕ್ಯಾನಿಕ್ಕುಗಳೆಲ್ಲರೂ ಬಲ್ಲ ಸಂಗತಿ.

ಇಂತಹ ಕೆಲಸಕ್ಕೆ ಬೇಕಾದ ಸಾಣೆಯಂತ್ರವನ್ನು ಹಣವಿದ್ದವರು ಯಾರಾದರೂ ಕೊಳ್ಳಬಹುದು. ಅದನ್ನು ಮಾರಿದವರು ಎದುರಾಳಿಗೂ ಅದೇ ಯಂತ್ರವನ್ನು ಮಾರುತ್ತಾರೆ. ಕೊಂಡ ದಿನ ಅದು ಎಷ್ಟು ಶುದ್ಧವಾಗಿ ಕೆಲಸ ಮಾಡುತ್ತಿತ್ತೋ ಐದು ವರ್ಷದ ಮೇಲೂ ಅಷ್ಟೇ ಶುದ್ಧವಾಗಿ ಮಾಡಬೇಕಾದರೆ, ಕಲ್ಲು ಸವೆದುದನ್ನು ಧ್ವನಿಯಿಂದ ಗುರುತಿಸಬಲ್ಲವನು, ಬೆಳಗಿನ ಚಳಿಯಲ್ಲಿ ಬಂದ ಅಳತೆಯನ್ನು ಮಧ್ಯಾಹ್ನದ ಸೆಕೆಯಲ್ಲಿ ನಂಬದವನು ಅದರ ಮುಂದೆ ನಿಂತಿರಬೇಕು. ಇಂದಿನ ಯಂತ್ರಗಳು ಗಣಕದ ಆಜ್ಞೆಯಿಂದ ತಾವೇ ನಡೆಯುತ್ತವೆ. ಆದಕಾರಣ ಕುಶಲ ಕರ್ಮಿಯ ಅವಶ್ಯಕತೆಯು ತೀರಿತೆಂದು ಹೇಳುವವರಿದ್ದಾರೆ. ಸಾಮಾನ್ಯವಾದ ಸಾಮಾನುಗಳ ವಿಷಯದಲ್ಲಿ ಇದು ತಕ್ಕಮಟ್ಟಿಗೆ ನಿಜ. ಆದರೆ ಅಂತಹ ಯಂತ್ರವು ಕೊಟ್ಟ ಆಜ್ಞೆಯನ್ನು ತಪ್ಪದೆ ಪಾಲಿಸುತ್ತದೆ. ಆಜ್ಞೆಯೇ ತಪ್ಪಾಗಿದ್ದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಸಾವಿರ ಸಲ ನಡೆಸುತ್ತದೆ. ಯಂತ್ರದ ಬೆಲೆ ಏರಿದಂತೆಲ್ಲ, ಅರಿಯದವನ ಕೈಯಲ್ಲಿ ಅದರಿಂದಾಗುವ ನಷ್ಟವೂ ಏರುತ್ತದೆ.

ಹಾಗಾದರೆ ಎಲ್ಲ ಕಾರ್ಖಾನೆಗಳೂ ಏಕೆ ಅಪ್ರೆಂಟಿಸುಗಳನ್ನು ತರಬೇತು ಮಾಡುವುದಿಲ್ಲವೆಂದು ಕೇಳಬಹುದು. ಗ್ಯಾರಿ ಬೆಕರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು ೧೯೬೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತೊಡಕನ್ನು ಸ್ಪಷ್ಟವಾಗಿ ವಿಂಗಡಿಸಿದ್ದಾನೆ. ವಿದ್ಯೆಯಲ್ಲಿ ಎರಡು ಬಗೆ: ಒಂದು ಕಾರ್ಖಾನೆಯಲ್ಲಿ ಮಾತ್ರ ಉಪಯೋಗಕ್ಕೆ ಬರುವುದು ಒಂದು, ಎಲ್ಲ ಕಾರ್ಖಾನೆಗಳಲ್ಲಿಯೂ ಬರುವುದು ಮತ್ತೊಂದು. ಎರಡನೆಯ ಬಗೆಯ ವಿದ್ಯೆಯನ್ನು ಒಬ್ಬನು ಹಣ ಸುರಿದು ಕಲಿಸಿದರೆ, ನೆರೆಯವನು ನಾಲ್ಕು ಕಾಸು ಹೆಚ್ಚು ಕೂಲಿ ಕೊಟ್ಟು ಕಲಿತವನನ್ನು ಕರೆದುಕೊಂಡು ಹೋಗುತ್ತಾನೆ. ಬಿತ್ತಿದವನೊಬ್ಬ, ಕೊಯ್ದವನೊಬ್ಬ. ಎಲ್ಲರೂ ಹೀಗೆ ನೆರೆಯವನು ಬಿತ್ತಲೆಂದು ಕಾದು ಕುಳಿತರೆ ಊರಿನ ಹೊಲವೆಲ್ಲ ಬೀಳುಬೀಳುತ್ತದೆ.

ಜರ್ಮನಿಯವರು ಇದಕ್ಕೆ ಕಂಡುಕೊಂಡ ಪರಿಹಾರವು ಒಬ್ಬ ಯಜಮಾನನ ಔದಾರ್ಯವನ್ನು ನಂಬಿದುದಲ್ಲ. ಅಲ್ಲಿ ಕಲಿಯುವವನು ವಾರದ ಕೆಲವು ದಿನ ಕಾರ್ಖಾನೆಯಲ್ಲಿಯೂ ಕೆಲವು ದಿನ ಸರ್ಕಾರದ ವೃತ್ತಿಶಾಲೆಯಲ್ಲಿಯೂ ಇರುತ್ತಾನೆ. ಕಲಿಯುತ್ತಿರುವಷ್ಟು ಕಾಲ ಅವನ ವೇತನವು ಕುಶಲ ಕರ್ಮಿಯ ವೇತನಕ್ಕಿಂತ ಬಹಳ ಕಡಮೆ. ಹೀಗಾಗಿ ಕಲಿಕೆಯ ಖರ್ಚಿನಲ್ಲಿ ಅವನೂ ಒಂದು ಪಾಲನ್ನು ಹೊರುತ್ತಾನೆ. ಕೊನೆಯ ಪರೀಕ್ಷೆಯನ್ನು ನಡೆಸುವುದು ಅವನ ಯಜಮಾನನಲ್ಲ, ಆ ಪ್ರಾಂತದ ವಾಣಿಜ್ಯ ಮತ್ತು ಕೈಗಾರಿಕೆಗಳ ಮಂಡಲಿ. ಆದುದರಿಂದ ಆ ಪ್ರಶಸ್ತಿಪತ್ರಕ್ಕೆ ದೇಶದಲ್ಲೆಲ್ಲ ಬೆಲೆಯಿದೆ. ೧೯೬೯ರ ಒಂದು ಕಾಯಿದೆಯು ಈ ಏರ್ಪಾಡನ್ನೆಲ್ಲ ಒಂದು ಕಟ್ಟಿಗೆ ತಂದಿತು. ಬಾಷ್ ಸಂಸ್ಥೆಯ ವಿಷಯದಲ್ಲಿ ಇನ್ನೊಂದು ಅನುಕೂಲವೂ ಉಂಟು. ಅದರ ಬಂಡವಲಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗವು ಒಂದು ಲೋಕೋಪಕಾರ ಪ್ರತಿಷ್ಠಾನದ ಕೈಯಲ್ಲಿರುವುದರಿಂದ, ಮೂರು ತಿಂಗಳಿಗೊಮ್ಮೆ ಷೇರುಪೇಟೆಗೆ ಉತ್ತರ ಹೇಳಬೇಕಾದ ಅವಸರವು ಅದರ ಆಡಳಿತಕ್ಕೆ ಇಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಈ ಸಂಸ್ಥೆಯ ಚರಿತ್ರೆಯೆಲ್ಲವೂ ಆದರ್ಶವೆಂದು ಭಾವಿಸಬಾರದು. ೧೯೧೩ರಲ್ಲಿಯೇ ಅಲ್ಲಿ ದೊಡ್ಡ ಮುಷ್ಕರವು ನಡೆಯಿತು. ೧೯೨೫-೨೬ರ ಮುಗ್ಗಟ್ಟಿನಲ್ಲಿ ಬಹುಮಂದಿ ಕೆಲಸಗಾರರನ್ನು ಬಿಡಬೇಕಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ ರಾಬರ್ಟ್ ಬಾಷನು ತೀರಿಕೊಳ್ಳುವುದಕ್ಕೆ ಮೊದಲೂ ಆಮೇಲೂ, ಆ ಕಾರ್ಖಾನೆಗಳಲ್ಲಿ ಸುಮಾರು ೨೦,೦೦೦ ಮಂದಿಯನ್ನು ಬಲಾತ್ಕಾರದಿಂದ ದುಡಿಸಲಾಯಿತು. ಅವರಲ್ಲಿ ಯುದ್ಧಕೈದಿಗಳೂ ಸೆರೆಶಿಬಿರಗಳಿಂದ ತಂದವರೂ ಇದ್ದರು. ಕೆಲಸಗಾರನ ಕೈಗೆ ವಿದ್ಯೆಯನ್ನು ಕೊಟ್ಟು ಅವನನ್ನು ಮೇಲಕ್ಕೆತ್ತಿದ ಮನೆಯಲ್ಲಿಯೇ ಮನುಷ್ಯನನ್ನು ಯಂತ್ರಕ್ಕಿಂತ ಕೀಳಾಗಿ ಕಂಡ ಕಾಲವೊಂದು ಬಂದಿತ್ತೆಂಬುದನ್ನು ಮರೆಮಾಡುವುದು ಸರಿಯಲ್ಲ. ಸಂಪ್ರದಾಯವೊಂದು ಒಳ್ಳೆಯದಾಗಿದ್ದ ಮಾತ್ರಕ್ಕೆ ತನ್ನನ್ನು ತಾನೇ ಕಾಪಾಡಿಕೊಳ್ಳುವುದಿಲ್ಲ.

೧೯೨೫-೨೬ರ ಮುಗ್ಗಟ್ಟಿನಿಂದ ಇನ್ನೊಂದು ಪಾಠವೂ ಉಂಟು. ಅಷ್ಟು ಹೊತ್ತಿಗೆ ಸಂಸ್ಥೆಗೆ ಅನ್ನವಿಟ್ಟಿದ್ದ ಮ್ಯಾಗ್ನೆಟೊವಿನ ಕಾಲವೇ ಮುಗಿಯುತ್ತ ಬಂದಿತ್ತು. ಅದಕ್ಕಿಂತ ಅಗ್ಗವಾದ, ಬ್ಯಾಟರಿಯಿಂದ ಕಿಡಿ ಪಡೆಯುವ ವಿಧಾನವು ಹರಡುತ್ತಿತ್ತು. ಮ್ಯಾಗ್ನೆಟೊ ಮಾಡುವ ಯಂತ್ರಗಳಲ್ಲಿ ಎಷ್ಟೋ ಮೂಲೆಗೆ ಸೇರುವ ಸ್ಥಿತಿ ಬಂದಿತು. ಆದರೆ ಆ ಯಂತ್ರಗಳ ಮುಂದೆ ನಿಂತಿದ್ದವರ ಕೈಗೆ ಬಂದ ಸೂಕ್ಷ್ಮತೆಯು ಮ್ಯಾಗ್ನೆಟೊವಿನೊಡನೆ ಹೋಗಲಿಲ್ಲ. ಅದೇ ಸೂಕ್ಷ್ಮತೆಯು ೧೯೨೭ರ ಡೀಸೆಲ್ ಪಂಪಿಗೆ ಒದಗಿತು. ಆಮೇಲೆ ವಿದ್ಯುತ್ತಿನ ಕೈಯುಪಕರಣಗಳಿಗೂ, ೧೯೩೩ರಲ್ಲಿ ಹೊರಬಂದ ಶೀತಪೆಟ್ಟಿಗೆಗೂ ಸಹಾಯವಾಯಿತು. ಒಂದು ಸಾಮಾನಿಗೆಂದೇ ಕೊಂಡ ಯಂತ್ರವು ಆ ಸಾಮಾನಿನೊಡನೆ ಹಳತಾಗುತ್ತದೆ; ವಿಶಾಲವಾಗಿ ಕಲಿತವನು ಹೊಸದಕ್ಕೆ ತಿರುಗಬಲ್ಲನು. ಒಂದೇ ಸನ್ನೆಯನ್ನು ಎಳೆಯುವುದನ್ನು ಮಾತ್ರ ಕಲಿತವನಿಗೆ ಈ ಅನುಕೂಲವಿಲ್ಲ. ಅವನ ಅದೃಷ್ಟವೂ ಯಂತ್ರದ ಅದೃಷ್ಟವೂ ಒಂದೇ.

ಈಗ ನಮ್ಮ ಊರಿನ ಕಡೆಗೆ ಬರೋಣ. ಬಾಷ್ ಸಂಸ್ಥೆಯ ಸಹಯೋಗದಿಂದ ೧೯೫೧ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯನ್ನು ಬೆಂಗಳೂರಿನವರು ಮೈಕೋ ಎಂಬ ಹೆಸರಿನಿಂದ ಬಲ್ಲರು. ಆಡುಗೋಡಿಯ ಅದರ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳೂ ಆಮೇಲೆ ಡೀಸೆಲ್ ಪಂಪುಗಳೂ ತಯಾರಾದುವು. ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರು, ನೀರೆತ್ತುವ ಎಂಜಿನ್ನುಗಳಿಗೆ ಅವು ಸೇರಿದುವು. ಬಹುಬೇಗನೆ, ೧೯೬೦ರ ಸುಮಾರಿನಲ್ಲಿಯೇ, ಅಲ್ಲಿ ಅಪ್ರೆಂಟಿಸುಗಳ ಶಿಕ್ಷಣಕೇಂದ್ರವೂ ಏರ್ಪಟ್ಟಿತು. ಸ್ಟುಟ್‌ಗಾರ್ಟಿನಿಂದ ಯಂತ್ರಗಳನ್ನು ಹಡಗಿನಲ್ಲಿ ತರಿಸಿಕೊಳ್ಳಬಹುದಾಗಿತ್ತು. ಅವನ್ನು ನಡೆಸುವವರು ಇಲ್ಲಿಯೇ ತಯಾರಾಗಬೇಕಾಗಿತ್ತು.

ಕಂಪೆನಿಯ ಹೆಸರು ೨೦೦೮ರಲ್ಲಿ ಬಾಷ್ ಎಂದು ಬದಲಾಯಿತು. ೨೦೧೫ರಲ್ಲಿ ಬಿಡದಿಯಲ್ಲಿ ಹೊಸ ಕಾರ್ಖಾನೆಯು ಆರಂಭವಾಯಿತು. ಆಡುಗೋಡಿಯ ಹಳೆಯ ಆವರಣವು ತಾಂತ್ರಿಕ ಸಂಶೋಧನೆಯ ಕ್ಷೇತ್ರವಾಗಿ ಮಾರ್ಪಟ್ಟು ೨೦೨೨ರಲ್ಲಿ ಉದ್ಘಾಟನೆಯಾಯಿತು. ಊರಿನ ಒಂದು ಬಡಾವಣೆಯ ಹೆಸರಿನಲ್ಲಿ ಮಾತ್ರ ಮೈಕೋ ಎಂಬ ಶಬ್ದವು ಉಳಿದುಕೊಂಡಿದೆ.

ನಮ್ಮ ದೇಶದಲ್ಲಿ ಅಪ್ರೆಂಟಿಸುಗಳ ಕಾಯಿದೆಯು ೧೯೬೧ರಲ್ಲಿ ಬಂದಿತು. ೨೦೧೯ರ ನಿಯಮಗಳ ಪ್ರಕಾರ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿಯಿರುವ ಸಂಸ್ಥೆಗಳು, ತಮ್ಮ ಕೆಲಸಗಾರರ ಸಂಖ್ಯೆಯಲ್ಲಿ ನೂರಕ್ಕೆ ೨.೫ರಿಂದ ೧೫ರವರೆಗೆ ಅಪ್ರೆಂಟಿಸುಗಳನ್ನು ತೆಗೆದುಕೊಳ್ಳಬೇಕು. ಸಂಖ್ಯೆಯನ್ನು ಕಾಯಿದೆಯು ನಿಗದಿಪಡಿಸಬಹುದು. ಕಲಿಸುವ ಮನಸ್ಸನ್ನು ನಿಗದಿಪಡಿಸಲಾರದು. ಕಾಯಿದೆಯ ಭಯದಿಂದ ಸೇರಿಸಿಕೊಂಡು, ಅಗ್ಗದ ಕೂಲಿಯೆಂದು ದುಡಿಸಿ, ವರ್ಷ ತುಂಬಿದೊಡನೆ ಕಳುಹಿಸಿಕೊಟ್ಟರೆ, ಆ ಹುಡುಗನ ಪ್ರಶಸ್ತಿಪತ್ರದಲ್ಲಿ ಮುದ್ರೆಯಿರುತ್ತದೆ, ಕೈಯಲ್ಲಿ ವಿದ್ಯೆಯಿರುವುದಿಲ್ಲ. ಆದುದರಿಂದ ತಂದೆತಾಯಿಗಳು ಮಗನನ್ನೋ ಮಗಳನ್ನೋ ಒಂದು ಕಾರ್ಖಾನೆಗೆ ಸೇರಿಸುವಾಗ, ವೇತನವೆಷ್ಟೆಂದು ಕೇಳುವುದರ ಜೊತೆಗೆ ಕಲಿಸುವವರು ಯಾರು, ಅವರಿಗೆ ಕಲಿಸುವುದೇ ಉದ್ಯೋಗವೇ, ಎಷ್ಟು ಬಗೆಯ ಯಂತ್ರಗಳ ಮುಂದೆ ನಿಲ್ಲಿಸುತ್ತಾರೆ, ಪರೀಕ್ಷೆ ಮಾಡುವವರು ಯಾರು ಎಂದು ಕೇಳುವುದು ಅವಶ್ಯಕ. ಈ ಪ್ರಶ್ನೆಗಳಿಗೆ ದೊರೆಯುವ ಉತ್ತರದಿಂದ ಆ ಕಾರ್ಖಾನೆಯ ಮುಂದಿನ ಹತ್ತು ವರ್ಷಗಳನ್ನು ಸಹ ಊಹಿಸಬಹುದು.

ಈ ಮಾತು ಈಗ ಮತ್ತಷ್ಟು ಮುಖ್ಯವಾಗಿದೆ. ವಿದ್ಯುತ್ತಿನಿಂದ ನಡೆಯುವ ಮೋಟಾರುಗಾಡಿಗೆ ಕಿಡಿಯೂ ಬೇಡ, ಎಣ್ಣೆ ಚಿಮ್ಮುವ ಪಂಪೂ ಬೇಡ. ಒಂದು ಶತಮಾನದಿಂದ ನಡೆದುಬಂದ ಕೆಲಸದ ಬಹುಭಾಗವು ಅಳಿಯುವ ಸೂಚನೆಯಿದೆ. ವಾಹನಗಳಿಗೆ ಸಂಬಂಧಪಟ್ಟ ತನ್ನ ವಿಭಾಗದಲ್ಲಿ, ಮುಖ್ಯವಾಗಿ ಜರ್ಮನಿಯಲ್ಲಿ, ಇನ್ನೂ ಸುಮಾರು ೧೩,೦೦೦ ಸ್ಥಾನಗಳನ್ನು ಕಡಮೆ ಮಾಡುವುದಾಗಿ ಬಾಷ್ ಸಂಸ್ಥೆಯು ೨೦೨೫ರಲ್ಲಿ ಪ್ರಕಟಿಸಿತು. ಮ್ಯಾಗ್ನೆಟೊ ಹೋದಾಗ ಡೀಸೆಲ್ ಪಂಪು ಬಂದಂತೆ, ಪಂಪು ಹೋದರೆ ಮತ್ತೊಂದು ಬಂದೀತೆಂದು ಯಾರೂ ಮುಂಚಿತವಾಗಿ ಭರವಸೆ ಕೊಡಲಾರರು. ಬರುವುದಾದರೆ ಅದು ಬರುವುದು ಉಕ್ಕಿನ ಗುಣವನ್ನೂ ವಿದ್ಯುತ್ತಿನ ಗುಣವನ್ನೂ ಅಳತೆಯ ಸತ್ಯವನ್ನೂ ಬಲ್ಲವರಿರುವ ಸ್ಥಳಕ್ಕೆ. ಹೊಸ ಯಂತ್ರಗಳನ್ನು ಒಂದು ವರ್ಷದಲ್ಲಿ ತರಿಸಿ ನಿಲ್ಲಿಸಬಹುದು. ಅವುಗಳ ಮುಂದೆ ನಿಲ್ಲಬಲ್ಲವರು ಸಿದ್ಧವಾಗುವುದಕ್ಕೆ ಮೂರು ನಾಲ್ಕು ವರ್ಷ ಬೇಕು. ಅವರಿಗೆ ಕಲಿಸಬಲ್ಲ ಮೇಸ್ತ್ರಿಗಳು ಸಿದ್ಧವಾಗುವುದಕ್ಕೆ ಒಂದು ತಲೆಮಾರು ಬೇಕು. ಆದಕಾರಣ ಕಷ್ಟದ ವರ್ಷದಲ್ಲಿ ಯಂತ್ರದ ಖರೀದಿಯನ್ನು ಮುಂದಕ್ಕೆ ಹಾಕುವ ಕಾರ್ಖಾನೆಯು ಮುಂದೆ ಅದನ್ನು ಕೊಂಡುಕೊಳ್ಳಬಹುದು. ಅಪ್ರೆಂಟಿಸುಗಳ ಶಾಲೆಯನ್ನು ಮುಚ್ಚುವ ಕಾರ್ಖಾನೆಯು ಕಳೆದುಕೊಂಡ ಕಾಲವನ್ನು ಕೊಂಡುಕೊಳ್ಳುವುದಕ್ಕೆ ಯಾವ ಅಂಗಡಿಯೂ ಇಲ್ಲ.